ಹದಿನಾಲ್ಕನೇ ಮೇಜಿನ ಉರಿ

ಆಯಾಳ ಮಗಳು ಲ್ಯಾಬಿಗೆ ಬರಲೇ ಇಲ್ಲವಂತೆ. ಒಂದು ದಿನವಲ್ಲ, ಎರಡು ದಿನವಲ್ಲ, ಹೆಚ್ಚೂಕಡಿಮೆ ಎರಡು ವರ್ಷ. ಹಾಗೆಂದು ಶಾಲೆಯವರು ಬರೆದು, ಮೊಹರು ಒತ್ತಿ, ವಿಶ್ವವಿದ್ಯಾಲಯಕ್ಕೆ ಕಳಿಸಿಬಿಟ್ಟಿದ್ದರು. ಮೊಹರು ಬಿದ್ದ ಮೇಲೆ ಕೇಳುವವರು ಯಾರು?

ಪ್ರವೇಶದ ಕಿಟಕಿಗೆ ಗಾಜು ಹಾಕಿತ್ತು. ಗಾಜಿನ ನಡುವೆ ತಟ್ಟೆಯಗಲದ ಒಂದು ತೂತು. ಆ ತೂತು ಒಳಗೆ ಕುಳಿತವನ ಬಾಯಿಯ ಎತ್ತರಕ್ಕಿತ್ತು, ಹೊರಗೆ ನಿಂತವರ ಬಾಯಿಯ ಎತ್ತರಕ್ಕಲ್ಲ. ಮಾತಾಡಬೇಕಾದರೆ ಬಗ್ಗಬೇಕು. ಆಯಾಗೆ ಬಗ್ಗುವುದೇನು ಹೊಸದೇ? ಹತ್ತೊಂಬತ್ತು ವರ್ಷ ಅದೇ ಶಾಲೆಯ ನೆಲ ಒರೆಸಿದ ಬೆನ್ನು ಅದು. ಬಗ್ಗಿದಳು. ಪಕ್ಕದಲ್ಲಿ ಮಗಳು ಫೈಲನ್ನು ಎದೆಗವಚಿಕೊಂಡು ನಿಂತಿದ್ದಳು.

ಮಗಳನ್ನು ಮನೆಯಲ್ಲೂ ಶಾಲೆಯಲ್ಲೂ ಸಾಸಿವೆ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಅಷ್ಟೇ ಇದ್ದಳಂತೆ. ಕೋಪ ಬಂದರೆ ಸಿಡಿಯುವುದೂ ಹಾಗೇ. ಆದರೆ ಆವತ್ತು ಬಾಯಿ ಬಿಟ್ಟಿರಲಿಲ್ಲ.

"ಸಾರ್, ಒಂದು ತಪ್ಪಾಗಿದೆ, ಸರಿ ಮಾಡ್ಕೊಡಿ" ಎಂದಳು ಆಯಾ. "ಬರೆಯೋ ಪರೀಕ್ಷೆಲಿ ಎಪ್ಪತ್ತಕ್ಕೆ ಅರವತ್ತೊಂಬತ್ತು ಬಂದಿದೆ. ಅದು ಸರಿ ಇದೆ. ಲ್ಯಾಬಲ್ಲಿ ಮೂವತ್ತಕ್ಕೆ ಆರು ಅಂತ ಹಾಕಿದ್ದಾರೆ. ಮೂವತ್ತು ಅಂತ ಬರೆಯೋಕೆ ಹೋಗಿ ಕೈ ತಪ್ಪಿರಬೇಕು."

ಒಳಗಿದ್ದ ಗುಮಾಸ್ತ ಕಂಪ್ಯೂಟರ್ ನೋಡಿದ. ಕೆಟ್ಟ ಮನುಷ್ಯನೇನಲ್ಲ. ಮೊಮ್ಮಕ್ಕಳಿರುವ ವಯಸ್ಸು.

"ತಪ್ಪಿಲ್ಲಮ್ಮ. ಎರಡು ವರ್ಷಕ್ಕೆ ಮೂವತ್ತು ಪ್ರಯೋಗ. ಬಂದು ಸರಿಯಾಗಿ ಮಾಡಿದ್ರೆ ಒಂದೊಂದಕ್ಕೆ ಒಂದೊಂದು ಅಂಕ. ಈ ಹುಡುಗಿ ಆರಕ್ಕೆ ಬಂದಿದಾಳೆ. ಇಪ್ಪತ್ನಾಲ್ಕಕ್ಕೆ ಗೈರು. ನಿಮ್ಮ ಸ್ಕೂಲಿಂದ್ಲೇ ಬಂದಿರೋ ಪಟ್ಟಿ ಇದು."

ಆಯಾ ನಕ್ಕಳು. ನಿಜವಾಗಿಯೂ ನಗು ಬಂದಿತ್ತು ಅವಳಿಗೆ.

"ಗೈರಾ? ಸಾರ್, ಆ ಲ್ಯಾಬಲ್ಲಿ ಇವಳು ಇದ್ದಷ್ಟು ಹೊತ್ತು ಮೇಷ್ಟ್ರೂ ಇದ್ದಿಲ್ಲ! ಕೈ ಬೆರಳಿಗೆ ಮೆತ್ತಿದ ಕರಿ ವರ್ಷಪೂರ್ತಿ ಹೋಗ್ತಿರಲಿಲ್ಲ ಇವಳ್ದು. ತೋರಿಸೇ ಕೈ."

ಸಾಸಿವೆ ಕೈ ತೋರಿಸಲಿಲ್ಲ. ತೋರಿಸಲು ಏನೂ ಉಳಿದಿರಲಿಲ್ಲ. ಬೆಳ್ಳಿಯ ದ್ರಾವಣ ತಾಗಿ ಕಪ್ಪಾದ ಬೆರಳುಗಳು ರಜೆಯಲ್ಲಿ ಬೆಳ್ಳಗಾಗಿದ್ದವು. ಕೊನೆಯ ಕಲೆ ಮಾಸಿದ ದಿನ ತಾಯಿಯೇ ಆ ಬೆರಳು ಹಿಡಿದು, "ಈಗ ಕಾಲೇಜಿಗೆ ಹೋಗೋ ಕೈ ಹಾಗಿದೆ ನೋಡು" ಎಂದು ಹಿಗ್ಗಿದ್ದಳು.

"ಕೈ ನೋಡಿ ಸೀಟು ಕೊಡೋಕಾಗಲ್ಲಮ್ಮ" ಎಂದ ಗುಮಾಸ್ತ. "ಒಟ್ಟು ಎಪ್ಪತ್ತೈದು ಆಗುತ್ತೆ. ರಸಾಯನಶಾಸ್ತ್ರಕ್ಕೆ ಎಂಬತ್ತನಾಲ್ಕು ಬೇಕು. ಸ್ಕೂಲಿನವರೇ ತಪ್ಪಾಗಿದೆ ಅಂತ ಶುಕ್ರವಾರದೊಳಗೆ ಬರ್ಕೊಟ್ರೆ ತಗೊಂಬನ್ನಿ. ಆಮೇಲೆ ಪಟ್ಟಿ ಮುಚ್ಚಿಬಿಡುತ್ತೆ."

ಅಂದು ಸೋಮವಾರ. ಪಕ್ಕದ ಕಿಟಕಿಯಿಂದ ಪ್ರವೇಶದ ಹಳದಿ ಚೀಟಿ ಹಿಡಿದು ಒಬ್ಬಳು ಹಾರುತ್ತಾ ಬಂದಳು. ಶಾಲೆಯ ಲ್ಯಾಬಿನಲ್ಲಿ ಹದಿನೈದನೇ ಮೇಜಿನವಳು, ದೊಡ್ಡ ಡಾಕ್ಟರರ ಮಗಳು. "ಏಯ್ ಸಾಸಿವೆ! ನಂದಾಯ್ತು. ನಿಂದೂ ಆಯ್ತು ತಾನೇ?" ಎಂದು ತಬ್ಬಿಕೊಂಡಳು. ಲ್ಯಾಬಿನಲ್ಲಿ ಅವಳಿಗೆ ಮೂವತ್ತಕ್ಕೆ ಇಪ್ಪತ್ತೊಂಬತ್ತು. ಅದರಲ್ಲಿ ಅರ್ಧ ಯಾರದೆಂದು ಸಾಸಿವೆಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಈಗ ಆ ಲ್ಯಾಬಿನ ಕತೆ ಹೇಳಬೇಕು.

ಶಾಲೆಯ ಹೆಬ್ಬಾಗಿಲ ಗೋಡೆಯ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ಬರೆದಿತ್ತು: ಕೈ ಕೆಸರಾದರೆ ಬಾಯಿ ಮೊಸರು. ಆ ಅಕ್ಷರಗಳ ಧೂಳನ್ನು ವಾರಕ್ಕೊಮ್ಮೆ ಏಣಿ ಹತ್ತಿ ಒರೆಸುತ್ತಿದ್ದವಳು ಆಯಾ. ಒರೆಸಲು ಮಾತ್ರ ಆ ಬಾಗಿಲು. ಗಂಟೆ ಎಂಟಾದ ಮೇಲೆ ಕೆಲಸದವರು ಹಿಂದಿನ ಬಾಗಿಲಿಂದಲೇ ಓಡಾಡಬೇಕು. ಆರು ಗಂಟೆಗೆ ಬಂದು ಹನ್ನೆರಡು ಕೋಣೆ ಗುಡಿಸಿ, ಒರೆಸಿ, ಒಂಬತ್ತು ಕಕ್ಕಸು ತೊಳೆದು, ಆಮೇಲೆ ಲ್ಯಾಬಿನ ಗಾಜು. ಲ್ಯಾಬಿನ ತೊಟ್ಟಿ ಒಳಕೋಣೆಯಲ್ಲಿತ್ತು. ಆಸಿಡ್ಡು, ಸೋಡಾ, ಬ್ರಷ್ಷು. ಕೈಗೆ ಹಾಕಲು ರಬ್ಬರ್ ಗವಸು ಕೇಳಿದರೆ, "ಬರುತ್ತೆ, ಬರುತ್ತೆ" ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಬರುತ್ತಲೇ ಇತ್ತು. ಆಯಾಳ ಅಂಗೈ ಸೀಳು ಸೀಳಾಗಿ ಬಿರಿದಿತ್ತು. ಬಿರುಕಿನಲ್ಲಿ ಆಸಿಡ್ಡು ಇಳಿದರೆ ಹಲ್ಲು ಕಚ್ಚಿ ಕಣ್ಣು ಮುಚ್ಚುವಳು. ಆಮೇಲೆ ಬೆರಳುಗಳು ನಡುಗಲು ಶುರುವಾದವು.

ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. ಕೆಲಸದವರ ಮಕ್ಕಳಿಗೆ ಒಂದು ಸೀಟು ಬಿಡುತ್ತಿದ್ದರು. ಅದನ್ನು ದಿನಕ್ಕೊಮ್ಮೆ ನೆನಪಿಸುತ್ತಲೂ ಇದ್ದರು. ಹನ್ನೊಂದನೇ ತರಗತಿಗೆ ಬಂದಾಗ ಅವಳಿಗೆ ಲ್ಯಾಬಿನಲ್ಲಿ ಹದಿನಾಲ್ಕನೇ ಮೇಜು ಸಿಕ್ಕಿತು. ಇಪ್ಪತ್ತನಾಲ್ಕು ಮೇಜು, ಪ್ರತಿ ಮೇಜಿಗೊಂದು ಬರ್ನರ್.

ಲ್ಯಾಬಿನ ಮೇಷ್ಟ್ರು ಹೆಸರು ಕೂಗಿ ಹಾಜರಿ ಹಾಕುವವರಲ್ಲ. ಅಷ್ಟು ವ್ಯವಧಾನ ಅವರಿಗಿರಲಿಲ್ಲ. ಎಲ್ಲರೂ ಬರ್ನರ್ ಹಚ್ಚಿದ ಮೇಲೆ ಬಾಗಿಲ ಬಳಿ ನಿಂತು ಉರಿಗಳನ್ನು ನೋಡುವರು. ಯಾವ ಮೇಜಿನಲ್ಲಿ ಉರಿ ಇದೆಯೋ ಆ ನಂಬರು ಹಾಜರು. ಉರಿ ಇಲ್ಲದ ನಂಬರು ಗೈರು. ಅರ್ಧ ನಿಮಿಷದ ಕೆಲಸ. ಜಾಣತನದ ಪದ್ಧತಿ ಎಂದು ಅವರಿಗೆ ಹೆಮ್ಮೆ.

ಏಳನೇ ಪ್ರಯೋಗದ ದಿನ. ಹುಡುಗರು ಕಾಯುತ್ತಿದ್ದರು, ತೊಳೆದ ಗಾಜು ಸಾಲದಾಗಿತ್ತು. ಆಯಾ ಒಳಗಿನಿಂದ ತಟ್ಟೆ ಹೊತ್ತು ಅವಸರದಲ್ಲಿ ಬಂದಳು. ಬೆರಳು ನಡುಗಿತು. ಉದ್ದ ಕತ್ತಿನ ಗಾಜಿನ ಬುರುಡೆ ಜಾರಿ ನೆಲಕ್ಕೆ ಬಿದ್ದು ಚೂರಾಯಿತು.

"ಕಣ್ಣು ಎಲ್ಲಿಟ್ಕೊಂಡಿದೀಯ? ಕಸಬರಿಕೆ ಹಿಡಿಯೋ ಕೈಗೆ ಗಾಜು ಕೊಟ್ರೆ ಇನ್ನೇನಾಗುತ್ತೆ!" ಎಂದರು ಮೇಷ್ಟ್ರು, ಇಪ್ಪತ್ತನಾಲ್ಕು ಮಕ್ಕಳ ಮುಂದೆ. ಒಂದಿಬ್ಬರು ಕಿಸಕ್ಕೆಂದರು. ಹದಿನಾಲ್ಕನೇ ಮೇಜಿನವಳು ಬೆಂಕಿಪೊಟ್ಟಣ ಕೆಳಗಿಟ್ಟು, ಬಂದು, ತಾಯಿಯ ಪಕ್ಕ ಮಂಡಿಯೂರಿ ಚೂರು ಆರಿಸತೊಡಗಿದಳು.

ಆಗ ಆಯಾ ಆ ಮಾತು ಹೇಳಿದಳು. ಯಾರೂ ಹೇಳಿಸಲಿಲ್ಲ, ತಾನೇ ಹೇಳಿದಳು.

"ಸಾರ್, ನನ್ನ ಕೈ ಹೋಯ್ತು. ಮಗಳ ಕೈ ಗಟ್ಟಿ ಇದೆ. ಗಾಜು ಅವಳೇ ತೊಳೀತಾಳೆ ಬಿಡಿ. ಒಂದು ಚೂರೂ ಒಡೆಯಲ್ಲ."

ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು ತೊಟ್ಟಿಗೆ ತಳ್ಳಿದಳೇ ಎಂದು ಬಯ್ಯಬೇಡಿ. ಅವಳ ಲೆಕ್ಕಾಚಾರ ಬೇರೆ ಇತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಅವಳಿಗೆ ಒಂದು ವರ್ಷ ಒಲೆ ಮುಟ್ಟಿಸಿರಲಿಲ್ಲ. ಪಾತ್ರೆ ತೊಳೆಯಲು ಹಚ್ಚಿದ್ದಳು. "ತಳ ನೋಡೇ. ತಳ ಎಲ್ಲಾ ಹೇಳುತ್ತೆ. ಯಾವಾಗ ಸೀದಿದೆ, ಎಲ್ಲಿ ಉಪ್ಪು ಜಾಸ್ತಿಯಾಗಿದೆ, ಯಾವುದಕ್ಕೆ ಉರಿ ಸಾಲ್ಲಿಲ್ಲ, ತಳ ನೋಡಿದ್ರೆ ತಿಳಿಯುತ್ತೆ" ಎನ್ನುತ್ತಿದ್ದಳು. ವರ್ಷ ಕಳೆದು ಒಲೆ ಮುಂದೆ ಕೂತಾಗ ಆಯಾಗೆ ಅಡಿಗೆ ಬರುತ್ತಿತ್ತು. ಗಾಜಿನದೂ ಹಾಗೇ ಎಂದುಕೊಂಡಳು. ಬೇರೆಯವರ ಮಕ್ಕಳು ತಮ್ಮ ಒಂದು ನಳಿಕೆ ಮುಟ್ಟಿದರೆ ನನ್ನ ಮಗಳು ಇಪ್ಪತ್ತನಾಲ್ಕು ಮುಟ್ಟುತ್ತಾಳೆ. ಎಲ್ಲರಿಗಿಂತ ಹೆಚ್ಚು ಕಲಿಯುತ್ತಾಳೆ. ಮೇಷ್ಟ್ರ ಕಣ್ಣಿಗೂ ಬೀಳುತ್ತಾಳೆ. ಆವತ್ತು ಮನೆಗೆ ಹೋಗುವಾಗ ಅವಳ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಗಿತ್ತು.

ಮತ್ತೆ, ಅವಳಂದುಕೊಂಡದ್ದು ಸುಳ್ಳೂ ಆಗಲಿಲ್ಲ. ಅಂದಿನಿಂದ ಪ್ರತಿ ಪ್ರಯೋಗದ ಹೊತ್ತಿಗೂ ಒಳಕೋಣೆಯ ತೊಟ್ಟಿಯ ಮುಂದೆ ನಿಂತ ಸಾಸಿವೆ ಕಲಿತಳು. ಒಳಕೋಣೆಗೆ ನಳಿಕೆಗಳು ಬಂದು ಬೀಳುವವು. ತಳ ನೋಡುವಳು. ಮೊಸರಿನಂಥ ಬಿಳಿ ಗಸಿ ನಿಂತಿದೆಯೇ? ಇದು ಸರಿಯಾಗಿದೆ. ನೀಲಿ ಬರಬೇಕಾದಲ್ಲಿ ಹಸಿರು ಬಂದಿದೆಯೇ? ಆತುರಗಾರ, ಹೆಚ್ಚು ಸುರಿದಿದ್ದಾನೆ. ಒಳಮೈಗೆ ಕನ್ನಡಿಯಂತೆ ಬೆಳ್ಳಿ ಅಂಟಿದೆಯೇ? ಭೇಷ್, ಇದು ಮೂರನೇ ಮೇಜಿನವನದ್ದೇ ಇರಬೇಕು. ಹದಿನೈದನೇ ಮೇಜಿನವಳು ಗಾಜು ಕೊಡುವ ನೆಪದಲ್ಲಿ ಒಳಗೆ ಬಂದು, "ನಂದು ಏನಾಗಿದೆ ನೋಡೇ" ಎಂದು ಪಿಸುಗುಡುವಳು. ಸಾಸಿವೆ ತಳ ನೋಡಿ, "ಬಿಸಿ ಮಾಡಿದ್ದು ಸಾಲ್ದು, ಮತ್ತೆ ಹೋಗಿ ಮಾಡು" ಎನ್ನುವಳು. ಅವಳು ಹೋಗಿ ಮಾಡುವಳು. ಇಪ್ಪತ್ತೊಂಬತ್ತು.

ಹದಿನಾಲ್ಕನೇ ಮೇಜಿನ ಮೇಲೆ ಎಲ್ಲರ ಕೊಳಕು ಗಾಜು ಪೇರಿಸಿಡುವ ರೂಢಿಯಾಯಿತು.

ಆ ಸೋಮವಾರ ಕಿಟಕಿಯಿಂದ ಬಂದು ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ತಾಯಿ ಮಗಳು ಕೂತಿದ್ದರು. ಆಯಾ ಬೆರಳು ಮಡಿಸುತ್ತಿದ್ದಳು.

"ಯಾವ ಆರು ಕಣೇ? ಯಾವ ಆರಕ್ಕೆ ಹಾಜರ್ ಹಾಕಿದ್ದಾರೆ?"

"ಬಿಡಮ್ಮ."

"ಬಾಯ್ಬಿಡೇ."

"ಮೊದಲ್ನೇ ಆರು."

ಆಯಾ ಆರು ಬೆರಳು ಮಡಿಸಿದಳು. ಏಳನೇ ಬೆರಳಿಗೆ ಬಂದಾಗ ಅವಳ ಕೈ ಅಲ್ಲೇ ನಿಂತಿತು. ಏಳನೇ ದಿನ ಗಾಜು ಒಡೆದಿತ್ತು. ಏಳನೇ ದಿನ ತಾನು ಬಾಯಿ ತೆರೆದಿದ್ದಳು.

"ನಾನೇ ಕೊಟ್ಟೆ" ಎಂದಳು. "ಅಯ್ಯೋ, ನಾನೇ ಕೈಯಾರೆ ಕೊಟ್ಟೆನಲ್ಲೇ ನಿನ್ನ."

"ನಿಂಗೇನಮ್ಮ ಗೊತ್ತಿತ್ತು, ಮೇಷ್ಟ್ರು ಉರಿ ನೋಡಿ ಹಾಜರಿ ಹಾಕ್ತಾರೆ ಅಂತ."

"ನಿಂಗೆ? ನಿಂಗೆ ಗೊತ್ತಿತ್ತಾ, ಉರಿ ಇಲ್ದಿದ್ರೆ ಗೈರು ಅಂತ?"

"ಕೇಳಿದ್ದೆ. ಬರ್ನರ್ ಹಚ್ಚಿಟ್ಟು ತೊಳೆಯೋಕೆ ಹೋಗ್ಲಾ ಸಾರ್ ಅಂದೆ. ಸುಮ್ನೆ ಗ್ಯಾಸ್ ಯಾಕೆ ದಂಡ, ನಿಂದು ನಾನು ನೋಡ್ಕೋತೀನಿ ಹೋಗು ಅಂದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಖುಷಿಯಾಗಿದ್ದೆ. ಸಂಜೆ ನನ್ನ ಕಪ್ಪು ಬೆರಳು ಹಿಡ್ಕೊಂಡು ಎಲ್ಲರಿಗೂ ತೋರಿಸ್ತಿದ್ದೆ."

ಆಯಾ ಅಲ್ಲೇ, ಓಡಾಡುವ ಜನರ ನಡುವೆ, ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಮಗಳು ಆ ಕೈ ಹಿಡಿದು ಮಡಿಲಲ್ಲಿಟ್ಟುಕೊಂಡಳು. ಬಿರಿದ ಅಂಗೈ, ಒರಟು. ಇಬ್ಬರೂ ಬಸ್ಸು ಬರುವವರೆಗೂ ಹಾಗೇ ಇದ್ದರು.

ಮಂಗಳವಾರ ಲ್ಯಾಬಿನ ಮೇಷ್ಟ್ರ ಮುಂದೆ ನಿಂತರು. ಮೇಷ್ಟ್ರು ಕನ್ನಡಕ ಒರೆಸುತ್ತಾ ಕೇಳಿದರು. ಗದರಲಿಲ್ಲ. ಸಮಾಧಾನವಾಗಿಯೇ ಹೇಳಿದರು.

"ನೋಡು, ನಾನು ಉರಿ ನೋಡಿ ಬರೆಯೋನು. ಹದಿನಾಲ್ಕರಲ್ಲಿ ಉರಿ ಇರಲಿಲ್ಲ. ಇಲ್ಲದ್ದನ್ನ ಇದೆ ಅಂತ ಬರೆದ್ರೆ ಸುಳ್ಳಾಗಲ್ವಾ?"

"ಆದ್ರೆ ನಾನು ಒಳಗೇ ಇದ್ದೆ ಸಾರ್. ನೀವೇ ಕಳಿಸಿದ್ದು" ಎಂದಳು ಸಾಸಿವೆ.

"ನಾನು ಕಳಿಸಿದ್ನಾ? ನಿಮ್ಮಮ್ಮನೇ ತಂದು ನಿಲ್ಲಿಸಿದ್ದು. ಇಲ್ವೇನಮ್ಮ?"

ಆಯಾ ತಲೆ ತಗ್ಗಿಸಿದಳು. ಗುರಿ ನೋಡಿ ಹೊಡೆದಿದ್ದರು.

"ತೊಳೆಯೋದು ಪ್ರಯೋಗ ಅಲ್ಲ ಮಗು" ಎಂದು ಮೇಷ್ಟ್ರು ಮುಂದುವರಿಸಿದರು. "ಆದ್ರೂ ನಿನ್ನ ಶ್ರಮ ನಾನು ಮರೆತಿಲ್ಲ. ಲ್ಯಾಬಿಗೊಂದು ಸಹಾಯಕಿ ಹುದ್ದೆ ಆಗಿದೆ ಈ ವರ್ಷ. ಹೇಗೂ ಸೀಟು ಇಲ್ಲ. ನಿಂಗೇ ಆಗ್ಲಿ ಅಂತ ಒಂದು ಪತ್ರ ಕೊಡ್ತೀನಿ." ಶಾಲೆಯ ಹಾಳೆ ಎಳೆದುಕೊಂಡು ಬರೆದರು. ಸಹಿ ಹಾಕಿದರು. ಮೊಹರನ್ನೂ ಒತ್ತಿದರು.

ಆಯಾಗೆ ಓದಲು ಬಾರದು, ಮೊಹರು ಗೊತ್ತಾಗುತ್ತಿತ್ತು. "ದೊಡ್ಡ ಉಪಕಾರ ಆಯ್ತು ಸಾರ್" ಎಂದಳು. ಹೊರಗೆ ಬಂದೊಡನೆ ಮಗಳಿಗೆ ಗಂಟುಬಿದ್ದಳು. "ಏನು ಬರೆದಿದ್ದಾರೆ, ಓದೇ!"

ಸಾಸಿವೆ ಕಾರಿಡಾರಿನಲ್ಲಿ ನಿಂತು ಓದಿದಳು. "ಈಕೆ ಎರಡು ವರ್ಷಗಳ ಕಾಲ, ಒಂದು ದಿನವೂ ತಪ್ಪದೆ, ಮೂವತ್ತೂ ಪ್ರಯೋಗಗಳ ದಿನ ನಮ್ಮ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸ ಮಾಡಿರುತ್ತಾಳೆ. ಒಂದು ನಳಿಕೆಯನ್ನೂ ಒಡೆದಿರುವುದಿಲ್ಲ. ನಂಬಿಕಸ್ಥಳು."

ಒಂದು ದಿನವೂ ತಪ್ಪದೆ! ಗೈರು ಎಂದು ಬರೆದ ಕೈ, ಅದೇ ಪೆನ್ನು, ಅದೇ ಮೊಹರು. ಓದುವವಳಾಗಿ ಅವಳು ಲ್ಯಾಬಿನಲ್ಲಿರಲಿಲ್ಲ, ತೊಳೆಯುವವಳಾಗಿ ಒಂದು ದಿನವೂ ತಪ್ಪಿಸಿರಲಿಲ್ಲ. ಮೊದಲ ಆರು ದಿನ ತೊಳೆದವಳು ತಾಯಿ. ಅದನ್ನೂ ಮಗಳ ತಲೆಗೇ ಕಟ್ಟಿದ್ದರು. ಮನುಷ್ಯನಿಗೆ ತಾನು ಏನು ಬರೆಯುತ್ತಿದ್ದೇನೆಂಬ ಎಚ್ಚರವಾದರೂ ಬೇಡವೇ? ಬೇಡ. ಎಚ್ಚರ ಬೇಕಾಗುವುದು ಉತ್ತರ ಹೇಳಬೇಕಾದವರ ಮುಂದೆ ಮಾತ್ರ.

"ಸರಿಯಾಗೇ ಬರೆದಿದ್ದಾರಲ್ಲೇ!" ಎಂದಳು ಆಯಾ. "ಒಂದು ದಿನವೂ ತಪ್ಪದೆ ಅಂತ ಅವರೇ ಒಪ್ಕೊಂಡ್ರು. ನಡಿ, ನಾಳೆನೇ ಆ ಕಿಟಕಿಗೆ ಹೋಗೋಣ."

ಮಗಳಿಗೆ ಏನೋ ಅನುಮಾನ. ಆದರೂ ತಾಯಿಯ ಮುಖ ನೋಡಿ ಹೊರಟಳು.

ಬುಧವಾರ ಗುಮಾಸ್ತ ಪತ್ರವನ್ನು ಎರಡು ಸಲ ಓದಿದ. ತೂತಿನ ಬಳಿ ಮುಖ ತಂದು ದನಿ ತಗ್ಗಿಸಿದ.

"ಅಮ್ಮ, ಇದ್ರಲ್ಲಿ ವಿದ್ಯಾರ್ಥಿನಿ ಅಂತ ಎಲ್ಲಿದೆ? ಇದು ಕೆಲಸದವಳ ಪತ್ರ. ಇದನ್ನ ಹಾಜರಾತಿ ಅಂತ ನಾನು ಹೇಗೆ ತಗೊಳ್ಲಿ? ಪಟ್ಟಿ ತಪ್ಪಾಗಿದೆ ಅಂತ ಹೆಡ್‌ಮಾಸ್ಟರು ಒಂದೇ ಒಂದು ಸಾಲು ಬರೀಬೇಕು."

ಒಂದೇ ಒಂದು ಸಾಲು. ಅಷ್ಟಕ್ಕೆ ನಿಂತಿತ್ತು ಹುಡುಗಿಯ ಬದುಕು.

ಗುರುವಾರ ಆಯಾ ಕೆಲಸದ ನೀಲಿ ಮೇಲಂಗಿಯಲ್ಲೇ ಹೆಡ್‌ಮಾಸ್ಟರ ಕೋಣೆಗೆ ಹೋದಳು. ಬೆಳಗ್ಗೆ ತಾನೇ ಒರೆಸಿದ್ದ ನೆಲದ ಮೇಲೆ ನಿಂತಳು. ಕೂರು ಎನ್ನಲಿಲ್ಲ ಅವರು. ಪತ್ರ ಓದಿದರು. ಓದುತ್ತಿದ್ದಂತೆ ಮುಖದ ಬಣ್ಣ ಬದಲಾಯಿತು. ಅವರಿಗೆ ತಕ್ಷಣ ಅರ್ಥವಾಗಿತ್ತು. ಮೇಷ್ಟ್ರಿಗಿಂತ ಬುದ್ಧಿವಂತರು.

"ಇದನ್ನ ಬರೀಬಾರದಿತ್ತು" ಎಂದರು. "ಪಟ್ಟಿ ತಿದ್ದಿ ಅಂತ ಕೇಳ್ತಿದೀಯ. ತಿದ್ದಿದ್ರೆ ಏನರ್ಥ? ಓದೋ ಹುಡುಗಿನ ಎರಡು ವರ್ಷ ಬಿಟ್ಟಿ ಕೆಲಸಕ್ಕೆ ಹಚ್ಚಿದ್ವಿ ಅಂತ ನಾವೇ ಬರ್ಕೊಟ್ಟ ಹಾಗೆ. ಸ್ಕೂಲಿನ ಹೆಸರು ಏನಾಗ್ಬೇಕು?"

"ನನ್ನ ಮಗಳ ಹೆಸರು ಸಾರ್?"

"ಅವಳಿಗೆ ಕೆಲಸ ಕೊಡ್ತಿದೀವಲ್ಲ. ಈ ಕಾಗದ ಇಲ್ಲೇ ಬಿಟ್ಟು ಹೋಗು."

ಕಾಗದ ಮೇಜಿನ ಮೇಲಿತ್ತು, ಅವರ ಕೈ ಪಕ್ಕದಲ್ಲಿ. ಆಯಾ ಕೈ ಚಾಚಿ ತೆಗೆದುಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಆ ಮೇಜಿನಿಂದ ಅವಳು ಧೂಳು ಬಿಟ್ಟು ಬೇರೇನೂ ತೆಗೆದಿರಲಿಲ್ಲ. ಮಡಿಸಿ ಮೇಲಂಗಿಯ ಜೇಬಿಗೆ ಹಾಕಿಕೊಂಡಳು.

"ಏನಿದು?" ಎಂದರು ಹೆಡ್‌ಮಾಸ್ಟರು. "ಬಡವನ ಕೋಪ ದವಡೆಗೆ ಮೂಲ ಅಂತ ಗಾದೆ ಇದೆ, ನೆನಪಿರ್ಲಿ."

"ನೆನಪಿದೆ ಸಾರ್. ದವಡೆ ನಮ್ದೇ ತಾನೇ. ಹೋದ್ರೆ ನಮ್ದೇ ಹೋಗುತ್ತೆ."

ಅಂದಳು, ಹೊರಟಳು. ಕಾರಿಡಾರಿಗೆ ಬಂದ ಮೇಲೆ ಜೇಬಿನ ಕಾಗದವನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ದೊಡ್ಡ ಮಾತಾಡಿ ಬಂದಿದ್ದಳು. ಆದರೆ ಒಂದು ಸಾಲು ಸಿಕ್ಕಿರಲಿಲ್ಲ.

ಶುಕ್ರವಾರ ಯಾರೂ ಎಲ್ಲಿಗೂ ಹೋಗಲಿಲ್ಲ. ಒಂದೇ ಕೋಣೆಯ ಮನೆ. ಆಯಾಳ ಅತ್ತೆ, ಸಾಸಿವೆಯ ಅಜ್ಜಿ, ಮೂಲೆಯ ಮಂಚದ ಮೇಲೆ, ಸಾಸಿವೆ ಕಿಟಕಿಯ ಬಳಿ, ಆಯಾ ಬಾಗಿಲಲ್ಲಿ. ಗೋಡೆಯ ಗಡಿಯಾರ ಐದು ಹೊಡೆಯಿತು. ಐದಕ್ಕೆ ಕಿಟಕಿ ಮುಚ್ಚುತ್ತದೆಂದು ಮೂವರಿಗೂ ಗೊತ್ತಿತ್ತು.

"ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತಲ್ಲೇ ನಿನ್ನ ಎರಡು ವರ್ಷ" ಎಂದಳು ಅಜ್ಜಿ. ಆಮೇಲೆ ತಾನೇ, "ತಪ್ಪು ನಂದು. ತಳ ನೋಡಿ ಕಲಿ ಅಂತ ನಿಮ್ಮಮ್ಮಂಗೆ ಹೇಳ್ಕೊಟ್ಟೋಳು ನಾನು. ತಳ ನೋಡೋಳನ್ನ ತಳದಲ್ಲೇ ಇಡ್ತಾರೆ ಅಂತ ಹೇಳ್ಕೊಡಲಿಲ್ಲ" ಎಂದಳು. ಮುದುಕಿಗೆ ಬೆಳಗಿನಿಂದ ಊಟ ಸೇರಿರಲಿಲ್ಲ.

ಸಾಸಿವೆ ಅಳಲಿಲ್ಲ. ಸೋಮವಾರದಿಂದ ಒಂದು ಹನಿ ಹಾಕಿರಲಿಲ್ಲ. ಪುಸ್ತಕಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಮಂಚದ ಕೆಳಗೆ ತಳ್ಳಿದಳು. ಆ ಅಳದ ಮುಖ ನೋಡಲಾರದೆ ಆಯಾ ಹೊರಗೆ ಹೋಗಿ ಸುಮ್ಮನೆ ಒಂದು ಸುತ್ತು ನಡೆದು ಬಂದಳು.

ಮುಂದಿನ ಸೋಮವಾರ ಶಾಲೆಯಲ್ಲಿ ಹೊಸ ವರ್ಷದ ಮೊದಲ ಲ್ಯಾಬು. ಹೊಸ ಮಕ್ಕಳು, ಇಸ್ತ್ರಿ ಮಾಡಿದ ಬಿಳಿ ಕೋಟು. ಹದಿನಾಲ್ಕನೇ ಮೇಜು ಖಾಲಿಯಿತ್ತು. ಆ ವರ್ಷ ಇಪ್ಪತ್ತಮೂರೇ ಮಕ್ಕಳು. ಗಾಜು ಪೇರಿಸಲು ಮೇಜು ಆಗಲೇ ತಯಾರಾಗಿತ್ತು. ಉಳಿದ ಮೇಜುಗಳಲ್ಲಿ ಬರ್ನರುಗಳು ಉರಿಯುತ್ತಿದ್ದವು.

"ಮಗಳು ಬಂದ್ಲಾ?" ಎಂದರು ಮೇಷ್ಟ್ರು.

"ಇಲ್ಲ ಸಾರ್. ಬರಲ್ಲ."

"ಹಾಗಾದ್ರೆ ಇವತ್ತು ನೀನೇ ತೊಳಿ. ನಾಳೆಯಿಂದ ಅವಳನ್ನ ಕಳಿಸು."

ಆಯಾ ಒಳಕೋಣೆಗೆ ಹೋಗಲಿಲ್ಲ. ಕೈಯಲ್ಲಿದ್ದ ಬಕೆಟ್ಟನ್ನು ಲ್ಯಾಬಿನ ನಡುವೆ, ಎಲ್ಲರೂ ನೋಡುವಂತೆ, ನೆಲಕ್ಕೆ ಕುಕ್ಕಿದಳು. ಬ್ರಷ್ಷನ್ನು ಅದರೊಳಗೆ ಹಾಕಿದಳು. ನೇರ ಹದಿನಾಲ್ಕನೇ ಮೇಜಿಗೆ ಹೋದಳು. ಆ ಬರ್ನರನ್ನು ಅವಳು ಸಾವಿರ ಸಲ ಒರೆಸಿದ್ದಳು, ಒಮ್ಮೆಯೂ ಹಚ್ಚಿರಲಿಲ್ಲ. ಹಚ್ಚುವುದನ್ನು ಮಾತ್ರ ನೋಡಿದ್ದಳು. ನಲ್ಲಿ ತಿರುಗಿಸಿದಳು. ಬೆಂಕಿಕಡ್ಡಿ ಗೀರಿದಳು. ಮೊದಲ ಕಡ್ಡಿ ಬೆರಳ ನಡುಕಕ್ಕೆ ಆರಿತು. ಎರಡನೆಯದೂ ಆರಿತು. ಮೂರನೆಯದಕ್ಕೆ ಭುಗ್ ಎಂದು ಉರಿ ಎದ್ದಿತು.

ಇಪ್ಪತ್ತಮೂರು ಮಕ್ಕಳು ತಿರುಗಿ ನೋಡಿದರು.

"ಏನ್ ಹುಚ್ಚು ಇದು? ಆರಿಸು!" ಎಂದರು ಮೇಷ್ಟ್ರು.

"ಹಾಜರಿ ಹಾಕಿ ಸಾರ್."

"ಆರಿಸು ಅಂದೆ!"

"ಹದಿನಾಲ್ಕರಲ್ಲಿ ಉರಿ ಇದೆ. ಇದ್ದಿದ್ರೆ ಬರೀತಿದ್ದೆ ಅನ್ನೋ ಥರ ಹೇಳಿದ್ರಲ್ಲ. ಬರೀರಿ. ಇಪ್ಪತ್ನಾಲ್ಕು ಸಲ ಬರೀಬೇಕು. ನಾನು ನಿಂತಿರ್ತೀನಿ." ಆಯಾ ಒಳಕೋಣೆಯ ಗೋಡೆಯತ್ತ ಕೈ ತೋರಿಸಿದಳು. "ನನ್ನ ಮಗು ಇಲ್ಲೇ ಇತ್ತು ಸಾರ್. ಈ ಗೋಡೆ ಆಚೆಗೆ. ನಿಮ್ಮ ಮಕ್ಕಳು ಮಾಡಿದ್ದನ್ನೆಲ್ಲಾ ತೊಳೀತಾ ಇಲ್ಲೇ ನಿಂತಿತ್ತು."

ಮೇಷ್ಟ್ರು ಅವಳ ಹತ್ತಿರ ಬಂದರು. ಅವಳು ಬರ್ನರಿಗೆ ಅಡ್ಡ ನಿಂತಳು. ಆ ಹೆಂಗಸಿನ ಮೈ ಮುಟ್ಟಲು ಅವರಿಗೆ ಮನಸ್ಸಾಗಲಿಲ್ಲ. ಮರ್ಯಾದೆಯಿಂದಲ್ಲ, ಅಸಹ್ಯದಿಂದ. ದಡದಡ ಗೋಡೆಯ ಬಳಿಗೆ ಹೋಗಿ ಇಡೀ ಲ್ಯಾಬಿನ ಗ್ಯಾಸಿನ ದೊಡ್ಡ ನಲ್ಲಿಯನ್ನೇ ತಿರುಗಿಸಿಬಿಟ್ಟರು.

ಹದಿನಾಲ್ಕನೆಯದು ಆರಿತು. ಅದರ ಜೊತೆ ಉಳಿದ ಇಪ್ಪತ್ತಮೂರೂ ಆರಿದವು. ಹೊಸ ಮಕ್ಕಳು ಆರಿದ ಬರ್ನರುಗಳ ಮುಂದೆ ಬಾಯಿ ತೆರೆದು ನಿಂತಿದ್ದರು.

ಆಯಾ ಸುತ್ತ ನೋಡಿದಳು.

"ಈಗ ಹಾಕಿ ಸಾರ್ ಹಾಜರಿ" ಎಂದಳು. "ಎಲ್ಲರಿಗೂ ಗೈರು ಅಂತ ಬರೀರಿ ನೋಡೋಣ."

ಮೇಷ್ಟ್ರು ಬರೆಯಲಿಲ್ಲ. ಆಯಾ ಮೇಲಂಗಿ ಬಿಚ್ಚಿ, ಪತ್ರವನ್ನು ಜೇಬಿನಿಂದ ತೆಗೆದುಕೊಂಡು, ಅಂಗಿಯನ್ನು ಹದಿನಾಲ್ಕನೇ ಮೇಜಿನ ಮೇಲೆ ಬಿಟ್ಟು ಹೊರಟಳು. ಎಂಟು ಗಂಟೆ ಯಾವಾಗಲೋ ದಾಟಿತ್ತು. ಮುಂದಿನ ಬಾಗಿಲಿಂದಲೇ ಹೋದಳು. ಕಾವಲುಗಾರ ಎದ್ದು ನಿಂತ, ತಡೆಯಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನ. ಅಜ್ಜಿ ಮಲಗಿದ್ದಳು. ಸಾಸಿವೆ ನೆಲದ ಮೇಲೆ ಕೂತಿದ್ದಳು. ಆಯಾ ಎದುರಿಗೆ ಕೂತು ಎಲ್ಲ ಹೇಳಿದಳು. ಬಕೆಟ್ಟು ಕುಕ್ಕಿದ್ದು, ಕಡ್ಡಿ ಆರಿದ್ದು, ಮೇಷ್ಟ್ರು ಓಡಿದ್ದು. ಹೇಳುತ್ತಾ ಹೇಳುತ್ತಾ ಅವಳಿಗೇ ಸ್ವಲ್ಪ ನಗು ಬಂತು. "ಕೆಲಸ ಹೋಯ್ತು ಬಿಡು" ಎಂದಳು ಕೊನೆಗೆ. "ಸೀಟೂ ಬರಲಿಲ್ಲ. ಆದ್ರೆ ನಿನ್ನ ಮೇಜಲ್ಲಿ ಹಚ್ಚಿ ಬಂದೆ ಕಣೇ."

ಸಾಸಿವೆ ತಾಯಿಯ ಬೆರಳು ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು.

"ಉರಿ ಯಾವ ಬಣ್ಣ ಇತ್ತಮ್ಮ?"

"ಬಣ್ಣಾನಾ? ಹಳದಿ ಇತ್ತು. ಎತ್ತರಕ್ಕೆ, ಅಲ್ಲಾಡ್ತಾ."

"ಹಳದಿ ಇರಬಾರದಮ್ಮ. ನೀಲಿ ಇರಬೇಕು."

"ನಂಗೇನು ಗೊತ್ತೇ ಅದು."

"ಬರ್ನರ್ ಬುಡದಲ್ಲಿ ಗಾಳಿಗೆ ಒಂದು ಸಣ್ಣ ಕಿಂಡಿ ಇರುತ್ತೆ. ಅದು ಮುಚ್ಚಿದ್ರೆ ಹಳದಿ ಬರುತ್ತೆ, ಗಾಜಿಗೆಲ್ಲಾ ಮಸಿ ಹಿಡಿಯುತ್ತೆ. ಬೆರಳಲ್ಲಿ ಸ್ವಲ್ಪ ತಿರುಗಿಸ್ಬೇಕು ಅಷ್ಟೆ. ನೀಲಿ ಆಗಿಬಿಡುತ್ತೆ." ಅವಳ ಬೆರಳುಗಳು ಗಾಳಿಯಲ್ಲಿ ಇಲ್ಲದ ಬರ್ನರಿನ ಬುಡವನ್ನು ಹಿಡಿದು ಮೆಲ್ಲಗೆ ತಿರುಗಿಸಿದವು. "ನಾನು ಅಲ್ಲಿ ಇದ್ದಿದ್ರೆ..."

ಅಷ್ಟೇ. ಒಂದು ವಾರದಿಂದ ಅಳದವಳು ತಾಯಿಯ ಮಡಿಲಿಗೆ ಬಿದ್ದು, ಆ ಬಿರಿದ ಅಂಗೈಗಳಲ್ಲಿ ಮುಖ ಹುಗಿದು, ಬಿಕ್ಕಿ ಬಿಕ್ಕಿ ಅತ್ತಳು.

"ಇದ್ದೆ ಕಣೇ" ಎಂದಳು ಆಯಾ, ಅವಳ ತಲೆ ಸವರುತ್ತಾ. "ನೀನು ಅಲ್ಲೇ ಇದ್ದೆ."